ಅಜ್ಜಿ ಊರಿನ ಲೈಬ್ರರಿ: ಮೂರು ಬೇಸಿಗೆ ಬಳಸಿದ ಮೇಲೆ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಏಪ್ರಿಲ್ ಬಂತು ಅಂದ್ರೆ ಮಕ್ಕಳಿಬ್ಬರನ್ನೂ ಪಾಂಡವಪುರ ತಾಲ್ಲೂಕಿನ ನನ್ನ ತವರಿಗೆ ಬಿಟ್ಟು ಬರುತ್ತೇನೆ. ಅಲ್ಲಿನ ಗ್ರಾಮ ಪಂಚಾಯಿತಿ ಲೈಬ್ರರಿಯನ್ನು 2023ರಿಂದ ಮೂರು ಬೇಸಿಗೆ ಬಳಸಿದ್ದೇವೆ. ಬೋರ್ಡಿನಲ್ಲಿ ‘ಗ್ರಂಥಾಲಯ ಮತ್ತು ಅರಿವು ಕೇಂದ್ರ’ ಅಂತಿದೆ. ಊರಲ್ಲಿ ಯಾರೂ ಹಾಗೆ ಅನ್ನಲ್ಲ ಬಿಡಿ.

ಮೊದಲು ದುಡ್ಡಿನ ವಿಷಯ. ಒಂದು ಪೈಸೆ ಖರ್ಚಿಲ್ಲ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಹಳ್ಳಿ ಲೈಬ್ರರಿಗಳಲ್ಲಿ ಸದಸ್ಯತ್ವ ಉಚಿತ. ನಮ್ಮ ಮಕ್ಕಳು ಆ ಊರಿನವರಲ್ಲ, ಕೊಡ್ತಾರೋ ಇಲ್ವೋ ಅಂತ ಅನುಮಾನ ಇತ್ತು. ಮೇಲ್ವಿಚಾರಕಿ ನಮ್ಮವ್ವನ ಹೆಸರು ಕೇಳಿದರು. “ಓ, ಅವ್ರ ಮಗಳಾ ನೀವು?” ಅಂದು ಇಬ್ಬರ ಹೆಸರನ್ನೂ ಬರೆದುಕೊಂಡರು. ಮಕ್ಕಳಿಗೆ ಅವರು ಅವತ್ತಿನಿಂದ ‘ಲೈಬ್ರರಿ ಅಕ್ಕ’.

ಅದಕ್ಕೂ ಹಿಂದಿನ ವರ್ಷ ಒಂದು ಓದುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಕಥೆ ಮುಗಿಸಿದರೆ ನಕ್ಷತ್ರ ಕೊಡುತ್ತೆ. ನನ್ನ ಮಗ ಒಂದೇ ಮಧ್ಯಾಹ್ನ ನಲವತ್ತು ನಕ್ಷತ್ರ ಗಳಿಸಿದ. ಖುಷಿಯಾಗಿ ಒಂದು ಕಥೆ ಹೇಳು ಅಂದೆ. “ಅದ್ರಲ್ಲಿ ನರಿ ಇತ್ತು” ಅಂದ. ಅಷ್ಟೇ. ಕೊನೆ ಪುಟದವರೆಗೂ ಬೆರಳಲ್ಲಿ ತಳ್ಳಿಕೊಂಡು ಹೋಗಿದ್ದ.

ಲೈಬ್ರರಿಯಲ್ಲಿ ನಕ್ಷತ್ರ ಇಲ್ಲ. ಉದ್ದ ಗೆರೆ ಎಳೆದ ಒಂದು ರಿಜಿಸ್ಟರ್ ಇದೆ. ದಿನಾಂಕ, ಪುಸ್ತಕ, ಹೆಸರು, ಸಹಿ. ಪುಸ್ತಕ ತಗೊಳ್ಳೋವಾಗ ಮಕ್ಕಳೇ ಬರೀಬೇಕು. ನಮ್ಮ ಮನೆಯಲ್ಲಿ ಓದು ಹತ್ತಿಸಿದ್ದು ಈ ರಿಜಿಸ್ಟರೇ. ಯಾವ ಪುಸ್ತಕವನ್ನು ತನಗಿಂತ ಮುಂಚೆ ಯಾರು ಒಯ್ದಿದ್ದಾರೆ ಅಂತ ಮಗಳು ಪುಟ ತಿರುವಿ ತಿರುವಿ ನೋಡುತ್ತಿದ್ದಳು. ಅವಳ ಸೋದರಮಾವನ ಮಗ ಎರಡು ವರ್ಷ ದೊಡ್ಡವನು. ಅವನು ಓದಿದ್ದನ್ನೆಲ್ಲ ಇವಳೂ ಓದಬೇಕು. ಅವನು ಒಯ್ದು ಓದದೆ ವಾಪಸ್ ಕೊಟ್ಟಿದ್ದನ್ನಂತೂ ಮೊದಲು ಓದಬೇಕು, ಆಮೇಲೆ ಊಟದ ಹೊತ್ತಿಗೆ ಅವನ ಮುಂದೆ ಕೂತು ಕಥೆ ಬಿಚ್ಚಬೇಕು. ಲೈಬ್ರರಿ ಅಕ್ಕನೂ ಸುಮ್ನೆ ಬಿಡಲ್ಲ. “ಏನ್ಲಾ, ಓದಿದ್ಯೋ, ಇಲ್ಲಾ ಮಗುಚಿ ಹಾಕ್ದ್ಯೋ?” ಅಂತ ಮಗನನ್ನು ಕೇಳಿ, ನಡುವಿನ ಒಂದು ಪುಟ ತೆಗೆದು ಇಲ್ಲೇನಾಯ್ತು ಹೇಳು ಅನ್ನುತ್ತಾರೆ.

ಕಳೆದ ಬೇಸಿಗೆ ಮಗ ತಂದ ಒಂದು ಪುಸ್ತಕಕ್ಕೆ ಕೊನೆಯ ನಾಲ್ಕು ಪುಟವೇ ಇರಲಿಲ್ಲ. ರಾತ್ರಿಯೆಲ್ಲ ರಗಳೆ. ಫೋನ್ ಮಾಡಿ “ಅಮ್ಮಾ, ಆ ಹುಡುಗ ಬಾವಿಯಿಂದ ಮೇಲೆ ಬಂದ್ನಾ?” ಅಂತ ನನ್ನನ್ನು ಕೇಳಿದ. ನನಗೇನು ಗೊತ್ತು! ಮಾರನೇ ದಿನ ರಿಜಿಸ್ಟರ್ ನೋಡಿ, ಆ ಪುಸ್ತಕ ಓದಿದ್ದ ಮೂರು ಹುಡುಗರ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾನೆ. ಮೂವರೂ ಮೂರು ಥರ ಹೇಳಿದ್ದಾರೆ.

ಇನ್ನೊಂದು ಎಡವಟ್ಟು ನಮ್ಮದೇ. ಮಗ ಪುಸ್ತಕ ಹಿಡಿದುಕೊಂಡೇ ಆಲೆಮನೆಗೆ ಹೋಗಿ, ಬಿಸಿ ಬೆಲ್ಲ ತಿಂದ ಕೈಯಲ್ಲೇ ಪುಟ ತಿರುವಿದ್ದಾನೆ. ಎರಡು ಪುಟ ಅಂಟಿಕೊಂಡವು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಿಸಿ ಕೊಟ್ಟೆವು. ಬಿಡಿಸುವಾಗ ಒಂದು ಚಿತ್ರದ ಆನೆಗೆ ಸೊಂಡಿಲು ಹೋಯಿತು. ಅಕ್ಕ ದಂಡ ಹಾಕಲಿಲ್ಲ, ಆದರೆ ಕಪಾಟಿಗೆ ಇರುವೆ ಬಂದಿದ್ದನ್ನು ಇಡೀ ವಾರ ಹೇಳಿದರು.

ತವರಲ್ಲಿ ಇದರಿಂದ ಇನ್ನೊಂದು ಅನುಕೂಲವಾಗಿದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಿದ್ದರೆ ಮಕ್ಕಳು ಎಲ್ಲಿ ಅಂತ ಹಿರಿಯರಿಗೆ ಜೀವ ಡವಡವ. ಲೈಬ್ರರಿಗೆ ಹೋಗಿದ್ದಾರೆ ಅಂದ್ರೆ ನಮ್ಮವ್ವ ನೆಮ್ಮದಿಯಾಗಿ ಒಂದು ಗಳಿಗೆ ಮಲಗುತ್ತಾಳೆ.

ಕೊರತೆ ಹೇಳದಿದ್ದರೆ ತಪ್ಪಾಗುತ್ತೆ. ಅರ್ಧ ಕಪಾಟು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಮಕ್ಕಳ ಪುಸ್ತಕ ಮೂರು ವರ್ಷದಲ್ಲಿ ಜಾಸ್ತಿ ಹೆಚ್ಚಿಲ್ಲ, ಮಗಳಿಗೆ ಈಗ ಓದದೇ ಇರುವುದು ಕಮ್ಮಿ. ಸೋಮವಾರ ರಜೆ. ಬಿಸಿಲು ನೆತ್ತಿಗೇರಿ ಮಕ್ಕಳು ಮನೆಯಲ್ಲಿ ಕಿತ್ತಾಡುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿರುತ್ತಾರೆ. ಕಂಪ್ಯೂಟರ್ ಇದೆ, ಇಂಟರ್ನೆಟ್ ಇದ್ದ ದಿನ ನಾನಂತೂ ನೋಡಿಲ್ಲ.

ಪುಸ್ತಕ ಸಾಲದಾದಾಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಿಂದ ಕನ್ನಡ ಕಥೆ ಇಳಿಸಿಕೊಂಡೆ. ಅದೂ ಪುಕ್ಕಟೆ. ಓದುವ ಮಟ್ಟ ಒಂದರಿಂದ ನಾಲ್ಕು ಅಂತ ಗುರುತಿರುತ್ತೆ. ಮಗನಿಗೆ ಎರಡು, ಮಗಳಿಗೆ ನಾಲ್ಕು ಸರಿಹೋಯಿತು. ಪಾಂಡವಪುರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದಾರದಲ್ಲಿ ಹೊಲಿದು, ಓದಿ ಮುಗಿದ ಮೇಲೆ ಲೈಬ್ರರಿಗೇ ಕೊಟ್ಟೆವು. ಅಕ್ಕ ಅವಕ್ಕೂ ನಂಬರ್ ಹಾಕಿ ರಿಜಿಸ್ಟರಿಗೆ ಏರಿಸಿದ್ದಾರೆ. ಈಗ ಅವನ್ನು ಯಾರು ಒಯ್ದರು ಅಂತ ನೋಡುವುದೇ ಮಗನಿಗೆ ಕೆಲಸ.

ಫಲ ಸಿಕ್ಕಿತಾ ಅಂದ್ರೆ, ಸಿಕ್ಕಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದ ಮಗ ಈಗ ಬಸ್ಸಿನ ಬೋರ್ಡು, ಮದುವೆ ಕಾಗದ ಎಲ್ಲ ಗಟ್ಟಿಯಾಗಿ ಓದುತ್ತಾನೆ. ಲೆಕ್ಕ, ಮಗ್ಗಿ ಮಾತ್ರ ಮರೆತೇ ಬರುತ್ತಾನೆ. ಅದನ್ನು ಈ ಲೈಬ್ರರಿ ಮೇಲೆ ಹೊರಿಸಕ್ಕಾಗಲ್ಲ.

ನನಗೆ ಬಗೆಹರಿಯದೇ ಉಳಿದಿರುವುದು ಮೇ ಕೊನೆಯ ನಂತರದ್ದು. ಶಾಲೆ ಶುರುವಾಗಿ ಮೈಸೂರಿಗೆ ಬಂದರೆ ಇಬ್ಬರ ಓದೂ ಅರ್ಧಕ್ಕರ್ಧ ಇಳಿಯುತ್ತೆ. ಇಲ್ಲಿ ಮನೆ ತುಂಬ ಪುಸ್ತಕ ಇದೆ, ರಿಜಿಸ್ಟರ್ ಇಲ್ಲ. ಮಗಳು ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಇಟ್ಟಿದ್ದಳು. ಒಂದು ತಿಂಗಳಾದರೂ ಅದರಲ್ಲಿ ಅವಳ ಹೆಸರು, ತಮ್ಮನ ಹೆಸರು ಬಿಟ್ಟು ಮೂರನೇ ಹೆಸರಿಲ್ಲ ಅಂತ ಮುಚ್ಚಿಬಿಟ್ಟಳು.