ತೆಳು ಸದ್ದಿನ ಗಿಟಾರ್: ಸ್ಕ್ರೂ ತಿರುಗಿಸೋದಾ, ಪಿಕಪ್ಪನ್ನೇ ಬದಲಿಸೋದಾ?

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. ಹೊಸ ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್) ಸಾವಿರಗಟ್ಟಲೆ ಸುರಿಯುವ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿರಿ. ಕೊನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ ಒತ್ತಿ, ಪಿಕಪ್‌ಗೂ ತಂತಿಗೂ ಸುಮಾರು 2 ಮಿ.ಮೀ. ಅಂತರ ಇದೆಯಾ ನೋಡಿ. ನನ್ನದರಲ್ಲಿ 5 ಇತ್ತು! ಪಕ್ಕದ ಸ್ಕ್ರೂ ತಿರುಗಿಸಿ ಪಿಕಪ್ ಏರಿಸಿದ್ದೇ ತಡ, ಸದ್ದಿಗೆ ಮೈ ಬಂತು. ತೀರಾ ಹತ್ತಿರವೂ ಬೇಡ. ಸಿಂಗಲ್ ಕಾಯಿಲ್‌ನ (ಒಂದೇ ಸುರುಳಿಯ ಪಿಕಪ್) ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತೆ.

ಒಂದೊಂದೇ ಪಿಕಪ್ ಚೆನ್ನಾಗಿದ್ದು, ಎರಡೂ ಸೇರಿದಾಗ ಮಾತ್ರ ಸದ್ದು ಡಬ್ಬದೊಳಗಿಂದ ಬಂದಂತಿದ್ದರೆ ಅದು ಫೇಸ್ ತಕರಾರು, ಅಂದರೆ ಎರಡರ ಸಂಕೇತಗಳೂ ಒಂದನ್ನೊಂದು ಅಳಿಸುತ್ತಿವೆ. ಒಂದರ ಎರಡು ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಸೋಲ್ಡರಿಂಗ್ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ.

ಇಷ್ಟಾದರೂ ಸೊರಗಿದ್ದರೆ ಹಂಬಕರ್ ಹಾಕಿಸಿ: ದಪ್ಪ ಸದ್ದು, ಗುಂಯ್‌ಗುಡುವುದೂ ಕಮ್ಮಿ. ಆದರೆ ಸಿಂಗಲ್ ಕಾಯಿಲ್‌ನ ಆ ಟಣ್ ಹೋಗುತ್ತೆ, ನನಗಂತೂ ಅದೇ ಪ್ರಾಣ. ಹಾಕಿಸಿದರೆ 250 ಕಿಲೋಓಮ್ ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ನಿಯಂತ್ರಕ) ತೆಗೆಸಿ 500ರದ್ದು ಕೂರಿಸಿ, ಇಲ್ಲದಿದ್ದರೆ ಸದ್ದು ಮಂಕಾಗಬಹುದು.