ಪಿಸ್ತೂಲು ಸಿಡಿಯುತ್ತಿಲ್ಲವೇ? ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಪರವಾನಗಿ ಪಡೆದು ಸಣ್ಣ ಪಿಸ್ತೂಲು ಇಟ್ಟುಕೊಂಡವರು, ಅದರಲ್ಲೂ ಚುನಾವಣೆ ಬಂದಾಗಲೆಲ್ಲ ಅದನ್ನು ಠೇವಣಿ ಇಟ್ಟು ವಾಪಸ್ ತರುವ ನಮ್ಮ ಮಲೆನಾಡಿನವರು, ದಯವಿಟ್ಟು ಪೂರ್ತಿ ಓದಿ. ರಿಪೇರಿ ಆಗಿ ಬಂದ ನನ್ನ ಪಿಸ್ತೂಲಿನಿಂದ, ಟ್ರಿಗರ್ ಮೇಲೆ ಬೆರಳೇ ಇಲ್ಲದಿದ್ದಾಗ ಗುಂಡು ಹಾರಿತು. ಯಾರಿಗೂ ಏನೂ ಆಗಲಿಲ್ಲ, ನಳಿಕೆ ಮಣ್ಣಿನ ದಿಬ್ಬದ ಕಡೆಗಿತ್ತು ಅನ್ನುವ ಒಂದೇ ಕಾರಣಕ್ಕೆ.

2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ಚಿಕ್ಕಮಗಳೂರು ಕಡೆ ಏಪ್ರಿಲ್ 26ಕ್ಕೆ ಮತದಾನ ಮುಗಿದರೂ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಅಷ್ಟೂ ದಿನ ನನ್ನ .32 ಬೋರ್ ಪಿಸ್ತೂಲು ಒಬ್ಬ ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲಿ ಠೇವಣಿ ಇತ್ತು. ಕೈಗೆ ಬರುವಾಗ ಮಳೆ ಹಿಡಿದಿತ್ತು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಒಯ್ದು ನೋಡಿದರೆ ಕೆಲವು ಗುಂಡು ಸಿಡಿಯುತ್ತವೆ, ನಡುನಡುವೆ ಬರೀ 'ಟಿಕ್'. ಹ್ಯಾಮರ್ (ಟ್ರಿಗರ್ ಎಳೆದಾಗ ಹಿಂದಿನಿಂದ ಬಡಿಯುವ ಪುಟ್ಟ ಸುತ್ತಿಗೆ) ಬೀಳುತ್ತದೆ, ಕಾಡತೂಸು ಹಾಗೇ ಕೂತಿರುತ್ತದೆ. ಅದೇ ಅಂಗಡಿಯವರಿಗೆ ರಿಪೇರಿ ಲೈಸೆನ್ಸೂ ಇತ್ತು, ಅಲ್ಲಿಗೇ ಕೊಟ್ಟೆ.

ಸಿಡಿಯದ ಕಾಡತೂಸುಗಳನ್ನು ಜೊತೆಗೆ ಒಯ್ದಿದ್ದೆ. ಅವರು ಅದರ ಕಡೆ ಕಣ್ಣೂ ಹಾಯಿಸಲಿಲ್ಲ. "ಪಿನ್ ಸವೆದಿದೆ, ಸ್ಪ್ರಿಂಗ್ ಸತ್ತಿದೆ, ಎರಡೂ ಹೊಸದು ಹಾಕೋಣ ಸಾರ್" ಅಂದರು. ಪಿನ್ ಅಂದರೆ ಹ್ಯಾಮರ್ ಏಟಿಗೆ ಮುಂದೆ ಹೋಗಿ ಕಾಡತೂಸಿನ ಹಿಂಬದಿಗೆ ಹೊಡೆಯುವ ಸಣ್ಣ ಕಡ್ಡಿ, ಸ್ಪ್ರಿಂಗ್ ಅಂದರೆ ಹ್ಯಾಮರಿಗೆ ಬಲ ಕೊಡುವುದು. ಪಿಸ್ತೂಲನ್ನು ಬಿಚ್ಚಿಯೂ ಇರಲಿಲ್ಲ ಆಗ.

ನಿಮ್ಮ ರಿಪೇರಿಯವನು ಹೀಗೆ ಮಾಡಿದರೆ ಅಲ್ಲಿಂದಲೇ ಎದ್ದು ಬನ್ನಿ. ಸಿಡಿಯದ ಕಾಡತೂಸಿನ ಹಿಂಬದಿಯಲ್ಲಿ, ಪಿನ್ ಬಡಿದಾಗ ಕಿಡಿ ಹುಟ್ಟಿಸುವ ಪುಟ್ಟ ಬಿಲ್ಲೆಯಾದ ಪ್ರೈಮರ್ ಮೇಲೆ, ರೋಗದ ಅರ್ಧ ವಿವರ ಬರೆದಿರುತ್ತದೆ. ಪಿನ್ ಒತ್ತಿದ ಗುಳಿ ಆಳವಾಗಿ, ನಡುವಿಗೆ ಬಿದ್ದಿದ್ದೂ ಸಿಡಿದಿಲ್ಲವೆಂದರೆ ಮೊದಲ ಅನುಮಾನ ಮದ್ದಿನ ಮೇಲೆ: ಹಳೆಯದಾಗಿರಬಹುದು, ತೇವ ಹಿಡಿದಿರಬಹುದು, ಎಣ್ಣೆ ಇಳಿದು ಪ್ರೈಮರ್ ಕೆಟ್ಟಿರಬಹುದು. ಗುಳಿ ತೆಳ್ಳಗಿದ್ದರೆ ಪಿನ್ನಿನ ಹೊಡೆತಕ್ಕೆ ಬಲ ಸಾಲುತ್ತಿಲ್ಲ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಕೂದಲೆಳೆಯಷ್ಟು ಹಿಂದೆಯೇ ನಿಂತಿದ್ದರೂ ಗುಳಿ ತೆಳ್ಳಗಾಗುತ್ತದೆ, ಯಾಕೆಂದರೆ ಹ್ಯಾಮರ್ ಬಲದ ಒಂದು ಪಾಲು ಸ್ಲೈಡನ್ನು ಮುಂದೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಗುಳಿಯೇ ಇಲ್ಲವೆಂದರೆ ಪಿನ್ ಮುರಿದಿರಬಹುದು ಅಥವಾ ಎಲ್ಲೋ ಸಿಕ್ಕಿಕೊಂಡಿರಬಹುದು. ನನ್ನವುಗಳ ಮೇಲೆ ಇದ್ದದ್ದು ನಡುವಿಗೇ ಬಿದ್ದ, ಆದರೆ ತೆಳ್ಳಗಿನ ಗುಳಿ. ಅಂದರೆ ಪಿನ್ ನೆಟ್ಟಗೆ ಹೊಡೆಯುತ್ತಿತ್ತು, ಜೋರಾಗಿ ಹೊಡೆಯುತ್ತಿರಲಿಲ್ಲ.

ಕೆಲವು ವಾರ ಕಳೆದು ಪಿಸ್ತೂಲು ಬಂತು. ಟ್ರಿಗರ್ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅಂಗಡಿಯವರು ಇದನ್ನೇ ದೊಡ್ಡ ಉಪಕಾರ ಅನ್ನುವ ಹಾಗೆ ತೋರಿಸಿದರು. ರೇಂಜಿನಲ್ಲಿ ಮೊದಲ ಮ್ಯಾಗಜೀನು (ಕಾಡತೂಸು ತುಂಬುವ ಡಬ್ಬಿ) ಹಿಂದಿನ ಹಾಗೇ, ಟಿಕ್ ಟಿಕ್. ಎರಡನೆಯದನ್ನು ತುರುಕಿ ಸ್ಲೈಡ್ ಬಿಟ್ಟೆ, ಸ್ಲೈಡ್ ಮುಚ್ಚಿಕೊಂಡ ಕ್ಷಣವೇ ಢಂ! ಪಕ್ಕದಲ್ಲಿದ್ದ ಕೋಚ್ ಪಿಸ್ತೂಲನ್ನು ಖಾಲಿ ಮಾಡಿಸಿ, ಅವತ್ತಿಗೆ ಮತ್ತೆ ಮುಟ್ಟಲು ಬಿಡಲಿಲ್ಲ. ಸರಿಯಾಗೇ ಮಾಡಿದರು.

ಆಮೇಲೆ ಬೇರೆ ಊರಿನಲ್ಲಿ, ಅಪ್ಪನ ಕಾಲದಿಂದ ಕೋವಿ ಕೆಲಸ ಮಾಡುತ್ತಿರುವ ಲೈಸೆನ್ಸುದಾರರೊಬ್ಬರು ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ ತೋರಿಸಿದರು. ಸ್ಲೈಡಿನೊಳಗೆ ಫೈರಿಂಗ್ ಪಿನ್ ಓಡಾಡುವ ಸಣ್ಣ ಕೊಳವೆಯಲ್ಲಿ ಗ್ರೀಸು ಗಟ್ಟಿಯಾಗಿ ಅಂಟಿಕೊಂಡಿತ್ತು. ಠೇವಣಿ ಕಾಲದಲ್ಲಿ ತುಕ್ಕು ಹಿಡಿಯದಿರಲಿ ಅಂತ ಡೀಲರ್ ಅಂಗಡಿಯಲ್ಲೇ ಬಳಿದ ಗ್ರೀಸು ಅದು. ಬಳಿದದ್ದು ತಪ್ಪಲ್ಲ, ವಾಪಸ್ ಕೊಡುವಾಗ ಒರೆಸಲಿಲ್ಲ, ರಿಪೇರಿ ಹೆಸರಲ್ಲಿ ದುಡ್ಡು ತೆಗೆದುಕೊಂಡಾಗಲೂ ಒರೆಸಲಿಲ್ಲ! ಇಂಥ ಪಿಸ್ತೂಲುಗಳಲ್ಲಿ ಪಿನ್ ಕೊಳವೆಗಿಂತ ತುಸು ಗಿಡ್ಡ. ಹ್ಯಾಮರ್ ಏಟು ಕೊಟ್ಟಾಗ ಆ ರಭಸಕ್ಕೆ ಮುಂದೆ ಚಿಮ್ಮಿ ಪ್ರೈಮರಿಗೆ ತಾಗುತ್ತದೆ, ಪುಟ್ಟ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಅಂಟಿನಲ್ಲಿ ಓಡಿದ ಪಿನ್ನಿಗೆ ಆ ರಭಸ ಎಲ್ಲಿಂದ ಬರಬೇಕು? ಹತ್ತಿ, ಸೀಮೆಎಣ್ಣೆ, ಅರ್ಧ ಗಂಟೆ ಕೆಲಸ. ಅಷ್ಟೇ ಇತ್ತು ನನ್ನ ಪಿಸ್ತೂಲಿನ ಮೂಲ ರೋಗ.

ಅದರ ಮೇಲೆ ರಿಪೇರಿ ಹಚ್ಚಿದ ರೋಗ ಬೇರೆ. ಲೇತಿನಲ್ಲಿ ಕಡೆದ ಹೊಸ ಪಿನ್ ಅಳತೆಗಿಂತ ದಪ್ಪ, ಅಂಚನ್ನೂ ನಯ ಮಾಡಿರಲಿಲ್ಲ. ಮುಂದೆ ಹೋದದ್ದು ತೂತಿನಲ್ಲೇ ಕಚ್ಚಿಕೊಂಡು, ತುದಿ ಹೊರಗೆ ಚಾಚಿ ನಿಲ್ಲುತ್ತಿತ್ತು. ಆ ಸ್ಥಿತಿಯಲ್ಲಿ ಸ್ಲೈಡ್ ಬಡಿದು ಮುಚ್ಚಿದರೆ ಟ್ರಿಗರಿನ ಅಗತ್ಯವೇ ಇಲ್ಲ. 'ಹೊಸ' ಹ್ಯಾಮರ್ ಸ್ಪ್ರಿಂಗ್ ಹಳೆಯದೇ, ಸುರುಳಿ ಕತ್ತರಿಸಿದ್ದು. ಟ್ರಿಗರ್ ಮೆತ್ತಗಾದದ್ದು ಅದಕ್ಕೇ, ಹೊಡೆತ ಇನ್ನೂ ಸೊರಗಿದ್ದೂ ಅದಕ್ಕೇ.

ಪಿನ್ ಬದಲಿಸಿ ತಂದ ಯಾವ ಪಿಸ್ತೂಲಿಗೂ ನೇರವಾಗಿ ಮದ್ದು ತುಂಬಬೇಡಿ. ಮ್ಯಾಗಜೀನ್ ತೆಗೆದು, ಚೇಂಬರ್ (ಕಾಡತೂಸು ಕೂರುವ ಗೂಡು) ಖಾಲಿ ಇದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಸ್ಲೈಡ್ ಹಿಂದೆ ಕಟ್ಟಿ ಪಿನ್ ತೂತನ್ನು ನೋಡಿ. ತುದಿ ಹೊರಗೆ ಇಣುಕಿದ್ದರೆ ಅದನ್ನು ಹಾಗೇ ಅಂಗಡಿಗೆ ಒಯ್ಯಿರಿ.

ರೇಂಜಿನಲ್ಲಿ 'ಟಿಕ್' ಅಂದ ಕೂಡಲೇ ಸ್ಲೈಡ್ ಎಳೆಯುವ ಚಾಳಿ ಹಲವರಿಗಿದೆ. ತಡವಾಗಿ ಸಿಡಿಯುವ ಮದ್ದೂ ಉಂಟು, ನಳಿಕೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ಸಿಡಿದರೂ ಸದ್ದು 'ಪುಸ್' ಅಂತ ಬಂದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಬಿಟ್ಟರೆ ನಳಿಕೆ ಸೀಳುತ್ತದೆ, ಜೊತೆಗೆ ಕೈಯೂ.

ಊರಿನ ಲೇತ್ ಅಂಗಡಿಯ ಪರಿಚಯಸ್ಥರ ಕೈಗೆ ಕೊಡುವ ಯೋಚನೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ರಿಪೇರಿಗೂ, ಪರೀಕ್ಷೆಗೂ ಲೈಸೆನ್ಸ್ ಬೇಕು. ಆದರೆ ನನಗೆ ಈ ಗತಿ ತಂದವರೂ ಲೈಸೆನ್ಸ್ ಇದ್ದವರೇ. ಹಾಗಾಗಿ ಕೊಡುವಾಗಲೇ ಪಿಸ್ತೂಲಿನ ನಂಬರು, ದೋಷದ ವಿವರ ಬರೆಸಿ ರಸೀದಿ ತೆಗೆದುಕೊಳ್ಳಿ. ಬಿಚ್ಚಿ ತೊಳೆದು ನೋಡದೆ ಯಾವ ಭಾಗವನ್ನೂ ಬದಲಿಸಬಾರದು ಅಂತ ಅದರಲ್ಲೇ ಬರೆಸಿ. ತೆಗೆದ ಹಳೆಯ ಭಾಗ ವಾಪಸ್ ಕೇಳಿ. ನನ್ನ ಹಳೆಯ ಪಿನ್ ಕೇಳಿದ್ದಕ್ಕೆ "ಗುಜರಿಗೆ ಹೋಯ್ತು ಸಾರ್" ಎಂಬ ಉತ್ತರ ಸಿಕ್ಕಿತು. ಎರಡನೆಯವರು ನೋಡಿದ ಪ್ರಕಾರ ಅದೇ ಅಳತೆಯ ಪಿನ್ ಸಿಕ್ಕದೆ ಈ ಪಿಸ್ತೂಲು ಸರಿಹೋಗುವುದಿಲ್ಲ. ಅದು ಈಗ ಅವರ ಅಂಗಡಿಯಲ್ಲಿದೆ, ಈ ಸಲ ಪೂರ್ತಿ ವಿವರದ ರಸೀದಿ ನನ್ನ ಹತ್ತಿರ ಇದೆ.