ಡಾರ್ತ್ ವೇಡರ್‌ಗೆ ಕತ್ತರಿ ಬಿದ್ದ ಅಂಗಡಿ

ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಹಳೇ ಪುಸ್ತಕದ ಅಂಗಡಿ ಇದೆ. ಒಂದು ದೂರು ಇರುವುದರಿಂದ ಹೆಸರು ಹಾಕುವುದಿಲ್ಲ. ಆದರೂ ನಾನು ಅಲ್ಲಿಗೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ.

ನಾನು ಹಳೇ ಸಿನಿಮಾ ಕಾರ್ಡ್ ಕೂಡಿಡುವವನು. ನನಗೆ ಹೀರೋಗಳ ಕಾರ್ಡ್ ಬೇಡ, ವಿಲನ್‌ಗಳದ್ದೇ ಬೇಕು. ಹಾಗೆಂದಾಗ ಅಂಗಡಿಯವರು ನಗಲಿಲ್ಲ. ಸ್ಟೂಲ್ ಹತ್ತಿ ಒಂದು ಬಿಸ್ಕತ್ ಡಬ್ಬಿ ಇಳಿಸಿದರು. ಮೇಲೇ ಇತ್ತು ವಜ್ರಮುನಿಯ ಫೋಟೋ, ಪೋಸ್ಟ್‌ಕಾರ್ಡ್ ಅಳತೆಯದು. ಒಂದು ಮೂಲೆಯನ್ನು ಹುಳ ತಿಂದಿದೆ. ಹಿಂದೆ ಯಾವುದೋ ಮಗು ಇಂಕ್ ಪೆನ್ನಿನಲ್ಲಿ ‘ಇವನು ಕೆಟ್ಟವನು’ ಎಂದು ಬರೆದಿದೆ. ಗ್ರೇಡಿಂಗ್ ಮಾಡುವವರು, ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಹಾಕುವವರು, ಇದಕ್ಕೆ ಹತ್ತಕ್ಕೆ ಒಂದು ಅಂಕ ಕೊಟ್ಟರೆ ಜಾಸ್ತಿ. ನಾನು 80 ರೂಪಾಯಿ ಕೊಟ್ಟೆ, ಚೌಕಾಸಿ ಮಾಡಲಿಲ್ಲ.

ಡಬ್ಬಿಯ ತಳದಲ್ಲಿ ಸಿಕ್ಕಿದ್ದು ಸ್ಟಾರ್ ವಾರ್ಸ್ ಸಿನಿಮಾದ ವಿಲನ್ ಡಾರ್ತ್ ವೇಡರ್. 1977ರಲ್ಲಿ ಅಮೆರಿಕದ ಟಾಪ್ಸ್ ಕಂಪನಿ ಹೊರತಂದ ಸ್ಟಾರ್ ವಾರ್ಸ್ ಕಾರ್ಡ್. ನೀಲಿ ಅಂಚಿನ ಮೊದಲ ಸೀರೀಸ್, 66ರಲ್ಲಿ 7ನೇದು. ಯಾರದೋ ಮನೆ ಖಾಲಿ ಮಾಡುವಾಗ ಸ್ಟಾಂಪ್ ಆಲ್ಬಮ್ ಜೊತೆ ಬಂತಂತೆ. ನನ್ನ ಕೈ ನಡುಗಿತು, ನಿಜ. 400 ರೂಪಾಯಿ ಎಣಿಸಿದೆ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಗ್ರೇಡಿಂಗ್‌ನಲ್ಲಿ ನೋಡುವುದು ನಾಲ್ಕು: ಚಿತ್ರ ನಡುವೆ ಕೂತಿದೆಯಾ, ಮೂಲೆ, ಅಂಚು, ಮೇಲ್ಮೈ. ನೀಲಿ ಅಂಚಿನ ಕಾರ್ಡ್‌ನಲ್ಲಿ ಮೂಲೆ ಚೂರು ಸವೆದರೂ ಬಿಳಿ ಇಣುಕುತ್ತದೆ. ಇದರಲ್ಲಿ ಬಿಳಿ ಇಲ್ಲವೇ ಇಲ್ಲ. ಸುಮಾರು ಐವತ್ತು ವರ್ಷದ ಕಾರ್ಡು, ನಾಲ್ಕೂ ಮೂಲೆ ಬ್ಲೇಡಿನಂತೆ! ಅನುಮಾನ ಬಂದು ಸ್ಕೇಲ್ ಇಟ್ಟೆ. ಅಗಲ 63.5 ಮಿಲಿಮೀಟರ್ ಇರಬೇಕು, ಇದ್ದದ್ದು 62. ಕತ್ತರಿಸಿದ್ದಾರೆ. ಪಿಎಸ್‌ಎಯಂಥ ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಇಂಥದ್ದಕ್ಕೆ ಅಂಕವೇ ಇಲ್ಲ. ಮಡಿಕೆ ಬಿದ್ದ ಕಾರ್ಡ್‌ಗಾದರೂ ಒಂದೋ ಎರಡೋ ಬರುತ್ತದೆ.

ಮರುದಿನ ಹೋಗಿ ಕೇಳಿದೆ. ಅವರ ಮುಖದಲ್ಲಿ ಒಂಚೂರೂ ಅಳುಕಿಲ್ಲ.

“ಮೂಲೆ ಎಲ್ಲ ಸವೆದು ಹೋಗಿತ್ತು ಸಾರ್. ನೀವು ರೆಗ್ಯುಲರ್ ಗಿರಾಕಿ ಅಲ್ವಾ, ಕಟ್ಟರ್‌ನಲ್ಲಿ ನೀಟ್ ಮಾಡಿ ಇಟ್ಟಿದ್ದೆ. ಲ್ಯಾಮಿನೇಷನ್ನೂ ಮಾಡಿಕೊಡ್ಲಾ?”

ಸಿಟ್ಟು ಬಂದಿತ್ತು, ಎಲ್ಲಿ ಹೋಯಿತೋ ಗೊತ್ತಿಲ್ಲ. ಲ್ಯಾಮಿನೇಷನ್ ಅಂದರೆ ಕಾರ್ಡಿನ ಕಥೆ ಮುಗಿದ ಹಾಗೆ ಎಂದು ಕೂತು ವಿವರಿಸಿದೆ. ಗಮನ ಕೊಟ್ಟು ಕೇಳಿದರು, ಟೀ ತರಿಸಿದರು, 200 ರೂಪಾಯಿ ವಾಪಸ್ ಕೊಟ್ಟರು.

“ಮತ್ತೆ ವಜ್ರಮುನಿಗೆ ಯಾಕೆ ಕಟ್ಟರ್ ಹಾಕಲಿಲ್ಲ? ಆ ಮೂಲೆಯೂ ಹೋಗಿತ್ತಲ್ಲ.”

“ಅಯ್ಯೋ, ಅವರ ಮೇಲೆ ಕೈ ಮಾಡೋಕಾಗುತ್ತಾ ಸಾರ್?”

ನೀವು ಹೋಗುವುದಾದರೆ ಸ್ಕೇಲ್ ಜೇಬಲ್ಲಿರಲಿ. ಮಿರ್ಚಿ ಮಂಡಕ್ಕಿ ತಿಂದಿದ್ದರೆ ಕೈ ತೊಳೆದುಕೊಂಡೇ ಡಬ್ಬಿ ಮುಟ್ಟಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ.